ಅಪ್‌ಡೇಟ್: ನಮ್ಮ ರೇಸಿಂಗ್ ತಂಡಕ್ಕೆ ಪ್ರಾಯೋಜಕರು ಸಿಕ್ಕಿದ್ದಾರೆ

ರಾಷ್ಟ್ರೀಯ ಕಾರ್ ರೇಸಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧಿಸುವ ನಮ್ಮ ಬೆಂಗಳೂರಿನ ತಂಡಕ್ಕೆ ಕಂಪನಿಗಳ ಪ್ರಾಯೋಜಕತ್ವ ಪಡೆಯುವುದು ಹೇಗೆಂದು ಇಪ್ಪತ್ತು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಸಿಎಸ್‌ಆರ್ ನಿಧಿ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ವೆಚ್ಚ ಮಾಡುವ ಹಣ, ಕೇಳಬೇಕೆಂಬ ಸಲಹೆ ಫಲಿಸಲಿಲ್ಲ. ಕಂಪನಿಯೊಂದರ ಲೆಕ್ಕಪತ್ರ ವಿಭಾಗದವರೇ ತಾಳ್ಮೆಯಿಂದ ವಿವರಿಸಿದಂತೆ, ಉತ್ಪನ್ನದ ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು 2021ರ ತಿದ್ದುಪಡಿ ನಿಯಮಗಳು ಸಿಎಸ್‌ಆರ್ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿವೆ. ಕಾರಿನ ಮೇಲೆ ಹೆಸರು ಹಾಕಿಸುವ ಹಣ ಮಾರ್ಕೆಟಿಂಗ್ ವಿಭಾಗದ ಬಜೆಟ್‌ನಿಂದಲೇ ಬರಬೇಕು. ಇದು ನನಗೆ ಹೊಸ ವಿಷಯವಾಗಿತ್ತು. ದೊಡ್ಡ ಕಂಪನಿಗಳಿಗೆ ಕಳುಹಿಸಿದ ಇಮೇಲ್‌ಗಳಿಗೆ ಉತ್ತರವೇ ಬರಲಿಲ್ಲ.

ಕೈಹಿಡಿದದ್ದು, ‘ಪತ್ರ ಬರೆಯುವುದಕ್ಕಿಂತ ಟ್ರ್ಯಾಕ್‌ಗೆ ಕರೆದೊಯ್ಯಿರಿ’ ಎಂದ ಹಿರಿಯರೊಬ್ಬರ ಮಾತು. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಉದ್ಯಮಿಯೊಬ್ಬರನ್ನು ಅಭ್ಯಾಸದ ದಿನ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಕರೆದುಕೊಂಡು ಹೋದೆವು. ನಮ್ಮ ಮೆಕ್ಯಾನಿಕ್ ಇನ್ನೂ ಬಿಸಿಯಾಗಿದ್ದ ಬ್ರೇಕ್ ಡಿಸ್ಕನ್ನು ಬಿಚ್ಚಿ ಮುಂದಿಟ್ಟಾಗ, ಅವರು ಕನ್ನಡಕವನ್ನು ಹಣೆಗೇರಿಸಿ, ನೀಲಿಗಟ್ಟಿದ ಅದರ ಅಂಚನ್ನು ಬಹಳ ಹೊತ್ತು ನೋಡುತ್ತಾ ಕುಳಿತರು. ಮಾತುಕತೆ ಅಲ್ಲಿಯೇ ಅರ್ಧ ಮುಗಿದಿತ್ತು. ಈ ಋತುವಿನ ಟೈರ್ ಮತ್ತು ಪ್ರಯಾಣದ ವೆಚ್ಚ ಅವರದು; ಎರಡೂ ಬಾಗಿಲುಗಳ ಮೇಲೆ ಅವರ ಹೆಸರು, ಚಾಂಪಿಯನ್‌ಷಿಪ್‌ನ ಪ್ರತಿ ಸುತ್ತಿಗೂ ಅವರ ಡೀಲರ್‌ಗಳಿಗೆ ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ಸಜ್ಜುಗೊಳಿಸುವ ಜಾಗದಲ್ಲಿ) ಆತಿಥ್ಯ ನಮ್ಮ ಹೊಣೆ.

ಒಪ್ಪಂದದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಬರೆಸಿಕೊಳ್ಳಿ, ಶೇ. 18 ಸಣ್ಣ ಮೊತ್ತವಲ್ಲ.