ಬ್ಯಾಟರಿ ತುಂಬಿದ್ದರೂ ರಾತ್ರಿ ಗ್ರಿಡ್ ಕರೆಂಟೇ ಬಳಕೆ: ನಿಮ್ಮ ಸೆಟ್ಟಿಂಗ್ ಹೇಗಿದೆ?

ಪ್ರಶ್ನೆ: ಮನೆಗೆ ಸೋಲಾರ್ ಜೊತೆ 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ, ಗ್ರಿಡ್ ಮೂರನ್ನೂ ಬಳಸುವಂಥದ್ದು), 51.2 ವೋಲ್ಟ್ 100 ಎಎಚ್ ಎಲ್‌ಎಫ್‌ಪಿ ಲಿಥಿಯಂ ಬ್ಯಾಟರಿ ಹಾಕಿಸಿದ್ದೇವೆ. ಹಗಲು ಬ್ಯಾಟರಿ ಫುಲ್ ಆಗುತ್ತದೆ. ಕತ್ತಲಾದರೆ ಮನೆಯ ಲೋಡೆಲ್ಲ ಗ್ರಿಡ್ ಮೇಲೆ, ಬ್ಯಾಟರಿ ಸುಮ್ನೆ ಕೂತಿರುತ್ತದೆ. ಕರೆಂಟ್ ಹೋದಾಗ ಇನ್ನೊಂದು ತೊಂದರೆ: 40% ತೋರಿಸುತ್ತಿರುವಾಗಲೇ ದಿಢೀರನೆ ಆಫ್. ನೀವೆಲ್ಲ ಏನು ಸೆಟ್ಟಿಂಗ್ ಇಟ್ಟುಕೊಂಡಿದ್ದೀರಿ?

ಉತ್ತರ 1: ಮೊದಲನೆಯದಕ್ಕೆ ಬ್ಯಾಟರಿ ಕಾರಣ ಅಲ್ಲ. ಮೆನುವಿನಲ್ಲಿ ಔಟ್‌ಪುಟ್ ಸೋರ್ಸ್ ಪ್ರಯಾರಿಟಿ, ಅಂದರೆ ಲೋಡ್‌ಗೆ ಮೊದಲು ಎಲ್ಲಿಂದ ಕರೆಂಟ್ ಅನ್ನುವುದು, ಏನಿದೆ ನೋಡಿ. ನನ್ನದರಲ್ಲಿ ಮೂರು ಆಯ್ಕೆ: ಯುಟಿಲಿಟಿ (ಅಂದರೆ ಗ್ರಿಡ್), ಸೋಲಾರ್, ಎಸ್‌ಬಿಯು. 'ಸೋಲಾರ್' ಅಂದ ಕೂಡಲೇ ಅದೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಬಿಸಿಲು ಹೋದೊಡನೆ ಲೋಡ್ ಗ್ರಿಡ್‌ಗೆ ಹೋಗುತ್ತದೆ. ಎಸ್‌ಬಿಯು ಇಟ್ಟರೆ ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಗ್ರಿಡ್. ಬ್ಯಾಟರಿ ಎಷ್ಟಕ್ಕೆ ಇಳಿದಾಗ ಗ್ರಿಡ್‌ಗೆ ಮರಳಬೇಕು ಎಂಬುದನ್ನೂ ಜೊತೆಗೇ ಹೊಂದಿಸಿ. ರಾತ್ರಿ ಕರೆಂಟ್ ಹೋಗುವ ಕಡೆ ನಾನಾದರೆ 40%ಗಿಂತ ಕೆಳಗೆ ಬಿಡುವುದಿಲ್ಲ. ಬಿಲ್ ಉಳಿಸಲು ಬ್ಯಾಟರಿ ಖಾಲಿ ಮಾಡಿಕೊಂಡು ಕತ್ತಲಲ್ಲಿ ಕೂರುವುದು ಯಾಕೆ?

ಉತ್ತರ 2: 40% ತೋರಿಸುವಾಗಲೇ ಆಫ್ ಆಗುವ ಕಥೆಯೇ ಬೇರೆ. ಬ್ಯಾಟರಿ ಟೈಪ್ ಎಜಿಎಂ ಅಥವಾ ಫ್ಲಡೆಡ್ (ಎರಡೂ ಲೆಡ್ ಆಸಿಡ್ ಬಗೆಗಳು) ಅಂತ ಇದ್ದರೆ ಇನ್ವರ್ಟರ್ ವೋಲ್ಟೇಜ್ ನೋಡಿ ಶೇಕಡಾ ಊಹಿಸುತ್ತದೆ. ಲೆಡ್ ಆಸಿಡ್‌ನಲ್ಲಿ ಚಾರ್ಜ್ ಇಳಿದಂತೆ ವೋಲ್ಟೇಜೂ ಇಳಿಯುತ್ತಾ ಹೋಗುತ್ತದೆ, ಹಾಗಾಗಿ ಊಹೆ ಸುಮಾರಾಗಿ ನಡೆಯುತ್ತದೆ. ಎಲ್‌ಎಫ್‌ಪಿ ಹಾಗಲ್ಲ. 80% ಇರಲಿ 30% ಇರಲಿ, ವೋಲ್ಟೇಜ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಕೊನೆಯಲ್ಲಿ ಮಾತ್ರ ಧಡಕ್ಕನೆ ಬೀಳುತ್ತದೆ. ಸರಿಯಾದ ಲೆಕ್ಕ ಇರುವುದು ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಗಮನಿಸಿ ಕಾಯುವ ಸರ್ಕ್ಯೂಟ್) ಹತ್ತಿರ. ಅದು ಇನ್ವರ್ಟರ್‌ಗೆ ತಲುಪಲು ಕ್ಯಾನ್ ಅಥವಾ ಆರ್‌ಎಸ್485 ಎಂಬ ಡೇಟಾ ಕೇಬಲ್ ಬೇಕು.

ಕೇಬಲ್ ಇಲ್ಲದೆ ನಡೆಸುವುದಾದರೆ ಟೈಪ್ 'ಯೂಸರ್' ಮಾಡಿ ನೀವೇ ಅಂಕಿ ಕೊಡಬೇಕು. 51.2 ವೋಲ್ಟ್ ಅಂದರೆ 16 ಸೆಲ್, ತಲಾ 3.2. ನಾನು ಚಾರ್ಜಿಂಗ್ 56 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 54, ಕಟ್‌ಆಫ್ (ಇಷ್ಟಕ್ಕಿಳಿದರೆ ಇನ್ವರ್ಟರ್ ನಿಲ್ಲುವುದು) 48 ಇಟ್ಟಿದ್ದೇನೆ. ಸೆಲ್‌ಗೆ 3.65ರಂತೆ 58.4ರವರೆಗೂ ಏರಿಸಬಹುದು. ಆದರೆ ಅದರಿಂದ ಜಾಸ್ತಿ ಸಿಗುವ ಕರೆಂಟ್ ತೀರಾ ಕಡಿಮೆ. ಬಿಎಂಎಸ್ ಕೈ ಎತ್ತುವ ಮೊದಲೇ ಇನ್ವರ್ಟರ್ ನಿಲ್ಲಲಿ ಅಂತ ಕಟ್‌ಆಫ್ 48. ಬಿಎಂಎಸ್ ಪೂರ್ತಿ ಆಫ್ ಆದರೆ ಕೆಲವು ಬ್ಯಾಟರಿಗಳು ಮತ್ತೆ ಆನ್ ಆಗಲು ಸತಾಯಿಸುತ್ತವೆ. ಈಕ್ವಲೈಸೇಷನ್ (ಆಗಾಗ ಹೆಚ್ಚು ವೋಲ್ಟೇಜ್‌ನಲ್ಲಿ ಚಾರ್ಜ್ ಮಾಡುವುದು) ಆಫ್ ಇರಲೇಬೇಕು, ಅದು ಲೆಡ್ ಆಸಿಡ್‌ಗೆ ಇರುವುದು. ನಿಮ್ಮ ಬ್ಯಾಟರಿಯ ಡೇಟಾಶೀಟ್ ಬೇರೆ ಅಂಕಿ ಹೇಳಿದರೆ ನನ್ನದನ್ನು ಬಿಟ್ಟು ಅದನ್ನೇ ಹಾಕಿ.

ಉತ್ತರ 3: ಟೈಪ್ ಮಾತ್ರವಲ್ಲ, ಆಫ್ ಆದಾಗ ಲೋಡ್ ಎಷ್ಟಿತ್ತು ಅಂತಲೂ ನೋಡಿ. ಪೂರ್ತಿ 5 ಕಿಲೋವ್ಯಾಟ್ ಎಳೆದರೆ ಬ್ಯಾಟರಿಯಿಂದ ಸುಮಾರು 98 ಆಂಪಿಯರ್ ಹೋಗುತ್ತದೆ, ಇನ್ವರ್ಟರ್ ನಷ್ಟ ಸೇರಿದರೆ ನೂರು ದಾಟುತ್ತದೆ. 100 ಎಎಚ್ ಬ್ಯಾಟರಿಗಳಲ್ಲಿ ಎಷ್ಟೋ 100 ಆಂಪಿಯರ್‌ಗೇ ಮಿತಿ. ಪಂಪ್, ಹೀಟರ್ ಒಟ್ಟಿಗೆ ಓಡಿದಾಗಲೇ ಆಫ್ ಆಗುತ್ತಿದ್ದರೆ ಮೆನು ಎಷ್ಟು ತಿರುವಿದರೂ ಉಪಯೋಗ ಇಲ್ಲ. ಅಂದಹಾಗೆ, ಇನ್ವರ್ಟರ್ ತಾನೇ 50 ವ್ಯಾಟ್ ತಿಂದರೆ ದಿನಕ್ಕೆ 1.2 ಯೂನಿಟ್. ನಿಮ್ಮ ಬ್ಯಾಟರಿಯಲ್ಲಿ ಇರುವುದೇ ಸುಮಾರು 5 ಯೂನಿಟ್!

ಕೇಳಿದವರು: ಟೈಪ್ ಎಜಿಎಂ ಅಂತಲೇ ಇದೆ. ಎಸ್‌ಬಿಯು ಮಾಡಿದ ಮೇಲೆ ರಾತ್ರಿ ಬ್ಯಾಟರಿಯಲ್ಲೇ ಓಡಿತು. ಆಫ್ ಆದಾಗ ಫ್ಯಾನ್, ಲೈಟ್ ಬಿಟ್ಟು ಬೇರೇನೂ ಇರಲಿಲ್ಲ. ಮನೆಯಲ್ಲಿರುವ ನೆಟ್‌ವರ್ಕ್ ಕೇಬಲ್ ಅನ್ನೇ ಬಿಎಂಎಸ್‌ಗೆ ಹಾಕಬಹುದಾ?

ಉತ್ತರ 2: ಹಾಗಾದರೆ ಟೈಪ್ ಮೇಲೇ ನನ್ನ ಅನುಮಾನ. ಕೇಬಲ್ ಹಾಗೇ ಚುಚ್ಚಬೇಡಿ. ಜಾಕ್ ಒಂದೇ ಥರ ಕಂಡರೂ ಪಿನ್‌ಗಳ ಕ್ರಮ ಎರಡೂ ಕಡೆ ಬೇರೆ ಇರಬಹುದು. ಎರಡರ ಮ್ಯಾನುಯಲ್ ಪಕ್ಕಪಕ್ಕ ಇಟ್ಟು ನೋಡಿ, ಅದರ ಪ್ರಕಾರ ಕೇಬಲ್ ತುದಿಗೆ ಜಾಕ್ ಕ್ರಿಂಪ್ ಮಾಡಿಸಿ (ಒತ್ತಿ ಕೂರಿಸಿ). ನಂತರ ಮೆನುವಿನಲ್ಲಿ ನಿಮ್ಮ ಬ್ಯಾಟರಿಗೆ ಹೊಂದುವ ಪ್ರೋಟೋಕಾಲ್ (ಎರಡೂ ಮಾತಾಡುವ ಭಾಷೆ) ಆರಿಸಿ. ಆಗಲೂ ಸಂಪರ್ಕ ಬರದಿದ್ದರೆ ಬ್ಯಾಟರಿ ಮೇಲಿನ ಡಿಪ್ ಸ್ವಿಚ್ (ಸೆಟ್ಟಿಂಗ್‌ಗೆ ಇರುವ ಪುಟ್ಟ ಸ್ವಿಚ್‌ಗಳ ಸಾಲು) ನೋಡಬೇಕು. ಅಲ್ಲಿಯವರೆಗೆ 'ಯೂಸರ್' ಅಂಕಿಗಳಲ್ಲಿ ನಡೆಸಿ. ಪರದೆಯ ಶೇಕಡಾ ನಂಬಬೇಡಿ.