50 ಕೆಜಿ ಆಲೂಗೆಡ್ಡೆ ಮೂಟೆ: ಅತ್ತಿಗೆಗೆ ಉತ್ತರ

ಅತ್ತಿಗೆ, ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಲ್ಲಿ ನೀವು ಹಾಕಿದ ಮೆಸೇಜ್ ಕೇಳಿದೆ. ಹಾಸನದಿಂದ 50 ಕೆಜಿ ಆಲೂಗೆಡ್ಡೆ ಮೂಟೆ ಬಂದಿದೆ, ಮನೇಲಿ ನಾಲ್ಕೇ ಜನ, ಒಂದೂ ಹಾಳಾಗದ ಹಾಗೆ ಹೇಗೆ ಮುಗಿಸೋದು ಅಂತ ಕೇಳಿದ್ರಿ. ಅದಕ್ಕೆ ಭಾವ, ಎಲ್ಲಾನೂ ತೊಳೆದು ತಾರಸಿ ಮೇಲೆ ಬಿಸಿಲಿಗೆ ಹರವಿ ಅಂದಿದ್ದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಅದೊಂದು ಮಾತ್ರ ಬೇಡ. ತೊಳೆದ ಗೆಡ್ಡೆ ಕಣ್ಣಿನ ಗುಳೀಲಿ ತೇವ ಉಳಿಸ್ಕೊಂಡು ಅಲ್ಲಿಂದಲೇ ಕೊಳೆಯೋಕೆ ಶುರುವಾಗುತ್ತೆ. ಬಿಸಿಲಿಗೆ ಹಾಕಿದ್ದು ಹಸಿರಾಗುತ್ತೆ. ಹಸಿರಾದ ಕಡೆ ಸೋಲನಿನ್ ಅನ್ನೋ ಕಹಿ ವಿಷ ಸೇರಿರುತ್ತೆ, ಎಷ್ಟು ಬೇಯಿಸಿದರೂ ಅದು ಹೋಗಲ್ಲ.

ಇದು ಸೆಪ್ಟೆಂಬರ್ ಮಾಲು ಅನ್ನೋದು ನೆನಪಿರಲಿ. ಮೇ-ಜೂನಲ್ಲಿ ನೆಟ್ಟು, ಮಳೆ ಹಿಡಿದ ನೆಲದಿಂದ ಕಿತ್ತದ್ದು. ಫೆಬ್ರವರಿ-ಮಾರ್ಚಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಒಣ ಮಣ್ಣಿಂದ ಕೀಳೋ ಗೆಡ್ಡೆಯ ಬಾಳಿಕೆ ಇದಕ್ಕಿಲ್ಲ. ಚೆನ್ನಾಗಿಟ್ಟರೆ ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ. ವಾರಕ್ಕೆ 3 ಕೆಜಿ ಖರ್ಚಾದರೂ ಆರು ವಾರಕ್ಕೆ 18 ಕೆಜಿ ಆಯ್ತು, ಮಿಕ್ಕ 32 ಕೆಜಿಗೆ ಈ ವಾರದಲ್ಲೇ ದಾರಿ ನೋಡಬೇಕು. ಮೂಟೆ ಒಂದೇ ಇರಬಹುದು, ಒಳಗಿರೋ ಗೆಡ್ಡೆ ಒಂದೇ ತರ ಇರಲ್ಲ. ಯಾವುದು ಮೊದಲು ಕೆಡುತ್ತೋ ಅದನ್ನ ಮೊದಲು ಒಲೆ ಮೇಲಿಡಬೇಕು. ಅದಕ್ಕೇ ಏನು ಅಡುಗೆ ಮಾಡೋದು ಅನ್ನೋಕಿಂತ ಮುಂಚೆ ಆರಿಸೋ ಕೆಲಸ.

ನೆಲಕ್ಕೆ ಎರಡು ಗೋಣಿ ಹಾಸಿ ಮೂಟೆಯನ್ನ ಮೆಲ್ಲಗೆ ಒರಗಿಸಿ ಸುರೀರಿ. ಎತ್ತರದಿಂದ ಸುರಿದರೆ ಹೊರಗೆ ಏನೂ ಕಾಣಲ್ಲ, ಎರಡು ದಿನ ಬಿಟ್ಟು ಹೆಚ್ಚಿದಾಗ ಒಳಗೆ ಕಪ್ಪಾಗಿರುತ್ತೆ. ಆಮೇಲೆ ಒಂದೊಂದನ್ನೂ ಕೈಗೆ ತಗೊಂಡು ಹೆಬ್ಬೆರಳಲ್ಲಿ ಒತ್ತಿ ಉಜ್ಜಿ. ಸಿಪ್ಪೆ ಈರುಳ್ಳಿ ಪೊರೆ ತರ ಸುಲಿದು ಬಂದು ಕೆಳಗೆ ತೇವದ ತಿರುಳು ಹೊಳೆದರೆ ಅದು ಎಳಸು, ಎರಡು ವಾರದೊಳಗೆ ಮುಗಿಸಿ. ಸಿಪ್ಪೆ ಜಗ್ಗದೆ, ಬರೀ ಮಣ್ಣು ಉದುರಿದರೆ ಅದು ಇಡೋ ಗೆಡ್ಡೆ. ಗುದ್ದಲಿ, ನೇಗಿಲ ಏಟು ಬಿದ್ದದ್ದು ಮೂರು-ನಾಲ್ಕು ದಿನಕ್ಕೆ ಖರ್ಚಾಗಲಿ. ಗೋಲಿ ಗಾತ್ರದವು ಬೇಗ ಸುಕ್ಕುಗಟ್ಟುತ್ತವೆ, ಅವನ್ನೂ ಬೇರೆ ಇಡಿ. ಮೇಲೆ ಕಂದು ಬಣ್ಣದ ತಗ್ಗು ಕಲೆ ಇದ್ದರೆ ಒಂದನ್ನ ಕೊಯ್ದು ನೋಡಿ. ಸಿಪ್ಪೆ ಕೆಳಗೆ ಇಟ್ಟಿಗೆ ಬಣ್ಣದ ಒಣ ಕೊಳೆ ಹರಡಿದ್ದರೆ ಅದು ಅಂಗಮಾರಿ ರೋಗದ್ದು. ಕಲೆ ಸುತ್ತ ಧಾರಾಳವಾಗಿ ಕೆತ್ತಿ ತೆಗೆದು ಮಿಕ್ಕಿದ್ದನ್ನ ಅವತ್ತೇ ಬೇಯಿಸಿ. ನೀರು ಸೋರಿ ನಾರುತ್ತಿದ್ದರೆ ಪೂರ್ತಿ ಎಸೆಯಿರಿ, ಆ ನೀರು ತಾಗಿದ ಪಕ್ಕದ ಗೆಡ್ಡೆಗಳನ್ನೂ ಒಣಬಟ್ಟೇಲಿ ಒರೆಸಿ ಬೇರೆ ಇಡಿ.

ಇಡೋ ಗೆಡ್ಡೆ ಒದ್ದೆ ಅನ್ನಿಸಿದರೆ ಒಂದು ದಿನ ನೆರಳಲ್ಲಿ ಫ್ಯಾನ್ ಕೆಳಗೆ ಹರವಿ. ಮಣ್ಣು ಒಣಗಿದ ಮೇಲೆ ಕೈಯಲ್ಲಿ ತಿಕ್ಕಿದರೆ ಸಾಕು. ಆಮೇಲೆ ತೂತಿರೋ ಕ್ರೇಟ್ ಅಥವಾ ಬಿದಿರು ಬುಟ್ಟೀಲಿ ಎರಡು-ಮೂರು ಪದರಕ್ಕಿಂತ ಹೆಚ್ಚು ತುಂಬದೆ, ಕೆಳಗೆ ಇಟ್ಟಿಗೆ ಕೊಟ್ಟು, ಮೇಲೆ ಗೋಣಿ ಮುಚ್ಚಿ ಕತ್ತಲೆ ಮೂಲೇಲಿಡಿ. ಗ್ಯಾಸ್ ಒಲೆ ಕೆಳಗೆ, ಫ್ರಿಜ್ ಹಿಂದೆ ಬೇಡ, ಆ ಬಿಸಿಗೆ ಮೊಳಕೆ ಬೇಗ ಬರುತ್ತೆ. ಈರುಳ್ಳಿ ಪಕ್ಕಾನೂ ಬೇಡ, ಗೆಡ್ಡೆ ಬಿಡೋ ತೇವಕ್ಕೆ ಈರುಳ್ಳಿ ಕೊಳೆಯುತ್ತೆ. ಹಸಿ ಗೆಡ್ಡೆ ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗುತ್ತೆ, ಸಾಗು ಸಿಹಿ ಬರುತ್ತೆ, ಕರಿದರೆ ಬೇಯೋಕೆ ಮುಂಚೆ ಕಪ್ಪಾಗುತ್ತೆ. ನಾಲ್ಕು ದಿನಕ್ಕೊಮ್ಮೆ ಗೋಣಿ ಎತ್ತಿ ಮೂಗಿಂದ ನೋಡಿ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತೆ.

ಏಟು ಬಿದ್ದದ್ದು ಒಂದು 5 ಕೆಜಿ ಆಗಬಹುದು. ಕೆಟ್ಟ ಭಾಗ ಕೆತ್ತಿ, ನೀರಲ್ಲಿ ಮುಳುಗಿಸದೆ ಕುಕ್ಕರ್ ಪಾತ್ರೇಲಿ ಹಬೇಲಿ ಬೇಯಿಸಿ. ಮಳೆಗಾಲದ ಗೆಡ್ಡೇಲಿ ಮೊದಲೇ ನೀರು ಜಾಸ್ತಿ, ಇನ್ನೂ ಕುಡಿದರೆ ಪಲ್ಯ ಅಂಟಂಟು. ಬೆಂದದ್ದು ಫ್ರಿಜ್‌ನಲ್ಲಿ ಮೂರು ದಿನ. ಅದಕ್ಕೂ ಮುಂದಕ್ಕಾದರೆ ಬಿಸಿ ಇರುವಾಗಲೇ ನುಣ್ಣಗೆ ಮಸೆದು, ಆರಿಸಿ, ಅರ್ಧರ್ಧ ಕೆಜಿ ಕವರ್‌ಗೆ ಚಪ್ಪಟೆಯಾಗಿ ಹಾಕಿ ಫ್ರೀಜರ್‌ಗಿಡಿ. ಪರೋಟ, ಬೋಂಡಾ, ದೋಸೆ ಪಲ್ಯ ಎಲ್ಲಕ್ಕೂ ಬರುತ್ತೆ. ಹೋಳು ಹಾಗೇ ಫ್ರೀಜ್ ಮಾಡಿದರೆ ಕರಗಿದಾಗ ನೀರು ಬಿಟ್ಟು ಸ್ಪಂಜಾಗುತ್ತೆ. ದಿನದ ಅಡುಗೇಲೂ ಸೇರಿಸ್ತಾ ಹೋಗಿ, ಎರಡು ಲೋಟ ಅಕ್ಕಿಹಿಟ್ಟಿಗೆ ಎರಡು ಬೆಂದ ಗೆಡ್ಡೆ ತುರಿದು ಕಲಸಿದರೆ ರೊಟ್ಟಿ ಸಂಜೆವರೆಗೂ ಮೆತ್ತಗಿರುತ್ತೆ. ಗೋಲಿ ಗೆಡ್ಡೆ ಸುಲಿಯೋ ಕಷ್ಟ ಪಡಬೇಡಿ, ಉಜ್ಜಿ ತೊಳೆದು ಸಿಪ್ಪೆ ಸಮೇತ ಹುಳಿಗೆ, ಇಲ್ಲ ಬಾಣಲೇಲಿ ಹುರಿಯೋಕೆ.

ಮಕ್ಕಳಿಗೆ ಫಿಂಗರ್ ಚಿಪ್ಸ್ ಬೇಕಾದರೆ 5 ಕೆಜಿ ಅದಕ್ಕೆ. ಬೆರಳುದ್ದ ಹೆಚ್ಚಿ, ತೊಳೆದು, ಕುದಿಯೋ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ನಾಲ್ಕು ನಿಮಿಷ ಬೇಯಿಸಿ, ಬಟ್ಟೆ ಮೇಲೆ ಪೂರ್ತಿ ಆರಿಸಿ. ತಟ್ಟೇಲಿ ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಕವರ್‌ಗೆ ಹಾಕಿ. ಕರಿಯುವಾಗ ಕರಗೋಕೆ ಬಿಡದೆ ಸೀದಾ ಎಣ್ಣೆಗೆ.

ಇನ್ನು 10 ಕೆಜಿ ಒಣಗಿಸೋಕೆ, ಇದರಲ್ಲೇ ಹೆಚ್ಚು ಎಡವೋದು. ಬೇಯಿಸೋ ಮುಂಚೆ ಆಕಾಶ ನೋಡಿ. ಎರಡು ದಿನ ಗಟ್ಟಿ ಬಿಸಿಲು ಖಾತ್ರಿ ಇಲ್ಲದೆ ನೀರು ಕಾಯಿಸಬೇಡಿ, ಬೆಂದ ಬಿಲ್ಲೆ ಒಂದೇ ರಾತ್ರೀಲಿ ಲೋಳೆ ಹಿಡಿದು ಹುಳಿ ವಾಸನೆ ಬರುತ್ತೆ. ಬಿಸಿಲು ಬರುವವರೆಗೆ ಗೆಡ್ಡೆ ಬುಟ್ಟೀಲೇ ಇರಲಿ, ಅಕ್ಟೋಬರ್‌ಗಾದರೂ ಪರವಾಗಿಲ್ಲ. ಒಣ ಚಿಪ್ಸ್‌ಗೆ ಎರಡು ಮಿಲಿಮೀಟರ್ ದಪ್ಪ ಬಿಲ್ಲೆ ತುರಿದು ಸೀದಾ ನೀರಿಗೆ ಬೀಳಲಿ, ನೀರು ತಿಳಿಯಾಗೋವರೆಗೆ ಮೂರ್ನಾಲ್ಕು ಸಲ ಬದಲಾಯಿಸಿ. ಲೀಟರ್‌ಗೆ ಎರಡು ಚಮಚ ಉಪ್ಪು, ಒಂದು ಚಿಟಿಕೆ ಪಟಿಕದ ಪುಡಿ ಹಾಕಿ ಕುದಿಸಿ, ಬಿಲ್ಲೆಗಳನ್ನ ಮೂರು ನಿಮಿಷ ಬಿಡಿ. ಒಂದನ್ನ ಎತ್ತಿ ಬಗ್ಗಿಸಿ ನೋಡಿ: ಅಂಚು ಗಾಜಿನ ತರ ಆಗಿ, ಮುರಿಯದೆ ಬಾಗಿದರೆ ಸರಿ. ಕಡಿಮೆ ಬೆಂದದ್ದು ಒಣಗುವಾಗ ಕಪ್ಪಾಗುತ್ತೆ, ಹೆಚ್ಚು ಬೆಂದದ್ದು ಪಂಚೆಗೆ ಅಂಟಿ ಎತ್ತೋಕೇ ಬರಲ್ಲ. ಒಂದರ ಮೇಲೊಂದು ಬೀಳದ ಹಾಗೆ ಹತ್ತಿ ಪಂಚೆ ಮೇಲೆ ಹರವಿ, ಸಂಜೆ ಒಳಗೆ ತಂದು ಫ್ಯಾನ್ ಕೆಳಗಿಡಿ. ಮುರಿದಾಗ ಟಕ್ ಅನ್ನಬೇಕು, ಬಾಗಿದರೆ ಇನ್ನೊಂದು ದಿನ. ಅರೆಒಣಗಿದ್ದನ್ನ ಡಬ್ಬಿಗೆ ತುಂಬಿದರೆ ಬೂಷ್ಟು ಖಂಡಿತ. 5 ಕೆಜಿ ಹಾಕಿದರೆ ಒಂದು ಕೆಜಿಗಿಂತ ಕಡಿಮೆ ಬರುತ್ತೆ, ಎಲ್ಲೋ ಕಳೆದುಹೋಯ್ತು ಅಂದ್ಕೋಬೇಡಿ, ಗೆಡ್ಡೇಲಿ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ನೀರೇ.

ಹಪ್ಪಳದಲ್ಲೂ ಈ ನೀರಿನ ಲೆಕ್ಕಾನೇ ಉಪ್ಪಿಗೆ. ಒಂದು ಕೆಜಿ ಬೆಂದ ಗೆಡ್ಡೆಗೆ ಕಾಲು ಕೆಜಿ ಸಬ್ಬಕ್ಕಿ ನೆನೆಸಿ ಗಾಜಿನಂತಾಗೋವರೆಗೆ ಬೇಯಿಸಿದ್ದು, ಎರಡು ಚಮಚ ಮಟ್ಟ ಉಪ್ಪು, ಖಾರದ ಪುಡಿ, ಜೀರಿಗೆ, ಇಂಗು. ಹಿಟ್ಟು ಬಾಯಿಗೆ ಹಾಕಿದಾಗ ಸಪ್ಪೆ ಅನ್ನಿಸಬೇಕು. ಆಗಲೇ ಸರಿ ಇದ್ದರೆ ಒಣಗಿದ ಮೇಲೆ ಉಪ್ಪುಪ್ಪು. ಗೆಡ್ಡೇಲಿ ಒಂದು ಗಂಟು ಉಳಿದರೂ ಒತ್ತಿದಾಗ ಅಲ್ಲೇ ತೂತು ಬೀಳುತ್ತೆ, ಅದಕ್ಕೆ ತುರಿಯೋ ಮಣೇಲಿ ತುರಿದು ನಾದಿ.

ಬಿಲ್ಲೆ ತೊಳೆದ ಮೊದಲ ನೀರು ಚೆಲ್ಲಬೇಡಿ. ಒಂದು ಗಂಟೆ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಸುಣ್ಣದ ಹಾಗೆ ಬಿಳಿ ಪಿಷ್ಟ ಕೂತಿರುತ್ತೆ. ಮೇಲಿನ ನೀರು ಬಗ್ಗಿಸಿ ತಳದ್ದನ್ನ ಒಣಗಿಸಿಡಿ, ಕಾರ್ನ್‌ಫ್ಲೋರ್ ಹಾಕೋ ಕಡೆಯೆಲ್ಲ ಇದು ನಡೆಯುತ್ತೆ.

ಮಿಕ್ಕ 12 ಕೆಜಿ ಹಂಚಿ. ಆದರೆ ಗಟ್ಟಿ ಸಿಪ್ಪೇದನ್ನ ಕೊಡಬೇಡಿ, ಎಳಸನ್ನೇ ಬೇಗ ಕೊಡಿ, ಎರಡು-ಮೂರು ಕೆಜಿ ಯಾರ ಮನೇಲಾದರೂ ವಾರದಲ್ಲಿ ಮುಗಿಯುತ್ತೆ. ಗ್ರೂಪಲ್ಲಿ ಹತ್ತಿರ ಇರೋರು ಭಾನುವಾರ ಚೀಲ ತಗೊಂಡು ಬನ್ನಿ.

ಮೊಳಕೆ ಬಂದರೆ, ಗೆಡ್ಡೆ ಗಟ್ಟಿಯಾಗಿದ್ದರೆ ಮೊಳಕೆ ಕಣ್ಣು ಸಮೇತ ಕೆತ್ತಿ ಬಳಸಿ, ಮೆತ್ತಗಾಗಿ ಸುಕ್ಕಾಗಿದ್ದರೆ ಬೇಡ. ಸ್ವಲ್ಪ ಹಸಿರಿದ್ದರೆ ಆಳವಾಗಿ ಕೆತ್ತಿ, ಪೂರ್ತಿ ಹಸಿರಿದ್ದರೆ ಎಸೆಯಿರಿ. ಹಸಿರು ಸಿಪ್ಪೆ, ಮೊಳಕೆ ಪಕ್ಕದ ಮನೆ ಹಸುಗೂ ಹಾಕಬೇಡಿ, ಅದಕ್ಕೂ ವಿಷಾನೇ. ಕುಂಡದಲ್ಲಿ ನೆಡೋ ಆಸೆ ಇದ್ದರೆ ಕಲೆ ಇರೋ ಗೆಡ್ಡೆ ಮಾತ್ರ ಬೇಡ, ಅಂಗಮಾರಿ ಅದರ ಜೊತೇಲೇ ಬರುತ್ತೆ. ಹಾಸನದ ರೈತರೇ ಬಿತ್ತನೆಗೆ ಪಂಜಾಬಿನ ಜಲಂಧರ್ ಗೆಡ್ಡೆ ತರಿಸ್ಕೊಳ್ತಾರೆ.

ಇವತ್ತು ಸಂಜೆ ಆರಿಸುವಾಗ ಕಂದು ಕಲೆ ಇರೋದು ಸಿಕ್ಕಿದರೆ ಅಡ್ಡಕ್ಕೆ ಕೊಯ್ದು ಬೆಳಕಲ್ಲಿ ಒಂದು ಫೋಟೋ ಹಾಕಿ ಅತ್ತಿಗೆ, ಅಂಗಮಾರಿನೋ ಬರೀ ಏಟೋ ನೋಡಿ ಹೇಳ್ತೀನಿ.