2009ರ ಸ್ವಿಫ್ಟಿಗೆ ಗುಜರಿ ಫೆಂಡರ್, ಡೋರ್: ಯಾವ ವರ್ಷದ್ದು ಕೂರುತ್ತದೆ?

ಸುಂಟಿಕೊಪ್ಪ ಸ್ವಿಫ್ಟ್:

ನಮಸ್ಕಾರ. ನನ್ನದು 2009ರ ಸ್ವಿಫ್ಟ್ ವಿಎಕ್ಸ್ಐ, ಪೆಟ್ರೋಲ್, ಸಿಲ್ವರ್ ಬಣ್ಣ. ಮೊನ್ನೆಯ ಗಾಳಿಮಳೆಗೆ ತೋಟದ ದಾರಿಯಲ್ಲಿ ಸಿಲ್ವರ್ ಓಕಿನ ಕೊಂಬೆ ಎಡಗಡೆ ಬಿತ್ತು. ಮುಂದಿನ ಫೆಂಡರ್, ಅಂದರೆ ಚಕ್ರದ ಮೇಲಿನ ತಗಡು, ಮಡಚಿಕೊಂಡು ಟೈರಿಗೆ ತಾಗುತ್ತಿದೆ. ಮುಂದಿನ ಡೋರಿನ ಹೊಟ್ಟೆ ಒಳಗೆ ಹೋಗಿದೆ, ಗ್ಲಾಸ್ ಅರ್ಧಕ್ಕೇ ನಿಂತಿದೆ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ, ಹಾಗಾಗಿ ಖರ್ಚೆಲ್ಲಾ ಕೈಯಿಂದಲೇ.

ಮೈಸೂರಿನ ಒಂದು ಗುಜರಿಯಲ್ಲಿ ಎರಡು ಮಾಲು ಇದೆಯಂತೆ. ಒಂದು '2011 ಸ್ವಿಫ್ಟ್' ಫೆಂಡರ್. ಇನ್ನೊಂದು 2010ರ ಡಿಸೈರ್ ಫೆಂಡರ್. ಕಣ್ಣೂರಿನಲ್ಲಿರುವ ಸ್ನೇಹಿತ 2008ರ ಸ್ವಿಫ್ಟ್ ಡೀಸೆಲ್ಲಿನ ಡೋರ್ ಇದೆ, ಗ್ಲಾಸ್ ಮೋಟಾರ್ ಸಮೇತ ಕೊಡಿಸುತ್ತೇನೆ ಅಂತಾನೆ. ಗುಜರಿಯವರನ್ನು ಕೇಳಿದರೆ "ಎಲ್ಲಾ ಸ್ವಿಫ್ಟೂ ಒಂದೇ ಸಾರ್" ಅಂತಾರೆ. ನಿಜವಾ?

ಗೋಣಿಕೊಪ್ಪ ಟಿಂಕರಿಂಗ್:

ಒಂದೇ ಅಲ್ಲ. ಆ '2011' ಫೆಂಡರಿಗೆ ಫೋಟೋ ನೋಡದೆ ಅಡ್ವಾನ್ಸ್ ಕೊಡಬೇಡಿ.

ಸ್ವಿಫ್ಟ್ ಇಲ್ಲಿಗೆ ಬಂದದ್ದು 2005ರಲ್ಲಿ. ಆ ಬಾಡಿ 2011ರ ಮಧ್ಯದವರೆಗೂ ನಡೆಯಿತು. 2011ರ ಆಗಸ್ಟ್‌ನಲ್ಲಿ ಹೊಸ ಬಾಡಿ ಬಂತು. ಅಂದರೆ 2011ರ ಗಾಡಿ ಅಂದಾಗ ಹಳೆಯದೂ ಇರಬಹುದು, ಹೊಸದೂ ಇರಬಹುದು. ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ದಿನ ಬಿಡಿ, ತಯಾರಾದ ತಿಂಗಳು ನೋಡಬೇಕು. ಅದಕ್ಕಿಂತ ಸುಲಭ, ಹೆಡ್‌ಲೈಟ್ ಕೂರುವ ಜಾಗದ ಫೋಟೋ ತರಿಸಿ. ಹೊಸ ಬಾಡಿಯಲ್ಲಿ ಹೆಡ್‌ಲೈಟ್ ಫೆಂಡರಿನ ಮೇಲೆ ಉದ್ದಕ್ಕೆ ಹಿಂದೆ ಎಳೆದುಕೊಂಡು ಹೋಗಿರುತ್ತದೆ. ಕಟಿಂಗೇ ಬೇರೆ. ಅದನ್ನು ಬಡಿದು ಕೂರಿಸುತ್ತೇನೆ ಅನ್ನುವವನ ಹತ್ತಿರ ಗಾಡಿ ಬಿಡಬೇಡಿ.

2010ರ ಡಿಸೈರ್ ಫೆಂಡರ್ ಆಗುತ್ತದೆ. 2008ರಲ್ಲಿ ಬಂದ ಮೊದಲ ಡಿಸೈರಿನ ಮುಖ ಸ್ವಿಫ್ಟಿನದೇ. ಗ್ರಿಲ್, ಬಂಪರ್ ಬೇರೆ, ಫೆಂಡರ್ ಅದೇ. ಪೆಟ್ರೋಲ್, ಡೀಸೆಲ್ ವ್ಯತ್ಯಾಸ ಇಂಜಿನ್ನಿಗೆ, ಫೆಂಡರಿಗಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಮಾತು: ಫೆಂಡರ್ ಹೊಸದೇ ತೆಗೊಳ್ಳಿ, ಡೋರ್ ಮಾತ್ರ ಗುಜರಿಯದು. ಮಾರುತಿಯ ಫೆಂಡರ್ ತೆಳ್ಳನೆ ತಗಡು, ಬರೀ ಬೋಲ್ಟಿನಲ್ಲಿ ನಿಲ್ಲುವುದು, ಹೊಸದೇನೂ ದುಬಾರಿಯಲ್ಲ. ಗುಜರಿಯದಕ್ಕೆ ಬಸ್ ಪಾರ್ಸೆಲ್, ಹಳೆ ಪೇಂಟ್ ತೆಗೆಯುವ ಕೂಲಿ ಸೇರಿಸಿ ನೋಡಿ, ಉಳಿಯುವುದು ಏನೂ ಇಲ್ಲ. ಡೋರ್ ಹಾಗಲ್ಲ. ಹೊಸದು ಅಂದರೆ ಖಾಲಿ ಡಬ್ಬ ಬರುತ್ತದೆ. ಗ್ಲಾಸ್, ಮೋಟಾರ್, ಲಾಕ್ ಎಲ್ಲಾ ಬೇರೆ ಬೇರೆ ಲೆಕ್ಕ. ನಿಮ್ಮದರಲ್ಲಿ ಗ್ಲಾಸೂ ನಿಂತಿದೆ, ಹಾಗಾಗಿ ತುಂಬಿದ ಡೋರೇ ಲಾಭ.

ಮಾಲು ತರುವ ಮೊದಲು ಹಳೆ ಫೆಂಡರ್ ಬಿಚ್ಚಿಸಿ. ಬಂಪರ್, ಚಕ್ರದ ಒಳಗಿನ ಪ್ಲಾಸ್ಟಿಕ್ ತೆಗೆದರೆ ಬಾನೆಟ್ ಅಂಚಿನ ಸಾಲು ಬೋಲ್ಟ್ ಹತ್ತರ ಸ್ಪ್ಯಾನರಿಗೆ ಬರುತ್ತವೆ. ಡೋರ್ ತೆರೆದರೆ ಕಾಣುವ ಸಂದಿಯಲ್ಲಿ ಒಂದು, ಕೆಳಗೆ ಮೆಟ್ಟಿಲಿನ ಹತ್ತಿರ ಇನ್ನೊಂದು ಇರುತ್ತದೆ. ಇವೆರಡನ್ನು ಮರೆತು ಎಳೆದು ಫೆಂಡರ್ ಹರಿದವರನ್ನು ಕಂಡಿದ್ದೇನೆ. ಬಿಚ್ಚಿದ ಮೇಲೆ ಒಳಗಿನ ಏಪ್ರನ್, ಅಂದರೆ ಫೆಂಡರ್ ಕೂರುವ ಬಾಡಿಯ ತಗಡು, ಬಲಗಡೆಯದಕ್ಕೆ ಹೋಲಿಸಿ ಅಳೆಯಿರಿ. ಕೊಂಬೆ ಪೆಟ್ಟು ಮೇಲಿಂದ ಬಿದ್ದದ್ದು ಅಲ್ವಾ, ಬೋಲ್ಟ್ ಕೂರುವ ಪಟ್ಟಿ ಬಗ್ಗಿದ್ದರೆ ಶೋರೂಮಿನ ಫೆಂಡರೂ ಸರಿಯಾಗಿ ಕೂರುವುದಿಲ್ಲ. ಆಮೇಲೆ ಫೆಂಡರಿನ ಮೇಲೆ ಸಿಟ್ಟು ಮಾಡುವುದು ಸುಮ್ನೆ.

ಮಾಕುಟ್ಟ ರೂಟ್:

ಕಣ್ಣೂರು ಡೋರಿನ ಬಗ್ಗೆ ಒಂದು ಮಾತು. ಅದು ಕಡಲಂಚಿನ ಗಾಡಿ. ಉಪ್ಪುಗಾಳಿ ತಿಂದ ತಗಡು ಮೇಲಿಂದ ಹೊಳೆಯುತ್ತಿರುತ್ತದೆ, ಕೆಳಗಿನ ಮಡಿಕೆ ಮಾತ್ರ ಗೆದ್ದಲು ತಿಂದ ಹಲಗೆಯ ಥರ. ಸ್ನೇಹಿತನಿಗೆ ಹೇಳಿ, ಡೋರ್ ತಲೆಕೆಳಗೆ ಮಾಡಿ ಕೆಳ ಅಂಚಿಗೆ ಬೆರಳು ಎಳೆಯಲಿ. ಗುಳ್ಳೆ ಸಿಕ್ಕಿದರೆ ಬೇಡ. ನೀರು ಹೋಗುವ ತೂತು ತೆರೆದಿರಬೇಕು. ಅಲ್ಲಿ ಪುಟ್ಟಿ (ತಗ್ಗು ಮುಚ್ಚುವ ಪೇಸ್ಟ್) ತುಂಬಿದ್ದರೆ ಯಾರೋ ತುಕ್ಕು ಮುಚ್ಚಿದ್ದಾರೆ ಅಂತಲೇ ಅರ್ಥ.

ಪುಟ್ಟಿ ಹಿಡಿಯಲು ಮ್ಯಾಗ್ನೆಟ್ ಸಾಕು, ಫ್ರಿಜ್ಜಿಗೆ ಅಂಟಿಸುವಂಥದ್ದು. ಎಲ್ಲಾ ಕಡೆ ಕಚ್ಚಿ ಒಂದು ಕಡೆ ಜಾರಿದರೆ ಅಲ್ಲಿ ಪುಟ್ಟಿ ಜಾಸ್ತಿ. ಹಿಂಜ್ ಬೋಲ್ಟಿನ ಮೇಲಿನ ಪೇಂಟ್ ಒಡೆದಿದ್ದರೆ ಡೋರ್ ಹಿಂದೆ ಒಮ್ಮೆ ಬಿಚ್ಚಿದ್ದು. ಗುಜರಿಯವನೇ ಬಿಚ್ಚಿರಬಹುದು, ಆದರೂ ಕೇಳಿ. ವೈರ್ ಕನೆಕ್ಟರಿನ ಫೋಟೋ ಎರಡೂ ಕಡೆಯದು ಹಾಕಿಸಿ, ಪಿನ್ ಲೆಕ್ಕ ಹೊಂದಬೇಕು. ಪವರ್ ವಿಂಡೋ ಇಲ್ಲದ ಡೋರ್ ಕಟ್ಟಿಕೊಂಡು ಘಾಟಿ ಹತ್ತಿದರೆ ನಗು ಬರುವುದಿಲ್ಲ.

ಬಿಲ್ಲಿನಲ್ಲಿ ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ನಂಬರ್ ಬರೆಸಿಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ಕೇಳಿದರೆ ತೋರಿಸಲು ಆಗುತ್ತದೆ.

ಸುಂಟಿಕೊಪ್ಪ ಸ್ವಿಫ್ಟ್:

ತುಂಬಾ ಉಪಕಾರ. '2011'ರ ಫೋಟೋ ಬಂತು, ಹೆಡ್‌ಲೈಟ್ ಕಟಿಂಗ್ ಉದ್ದಕ್ಕೆ ಹಿಂದೆ ಹೋಗಿದೆ. ಹೊಸ ಬಾಡಿಯದೇ. ಫೆಂಡರ್ ಹೊಸದು ಹೇಳಿಬಿಟ್ಟೆ. ಕಣ್ಣೂರು ಡೋರಿನ ಕೆಳ ಅಂಚು ಚೆನ್ನಾಗಿದೆಯಂತೆ, ಅದೂ ಸಿಲ್ವರೇ. ಹಾಗಾದರೆ ಡೋರಿಗೆ ಪೇಂಟ್ ಬೇಡ ಅಲ್ವಾ? ಫೆಂಡರಿಗೆ ಮಾತ್ರ ಹೊಡೆಸಿದರೆ ಸಾಲದಾ?

ಗೋಣಿಕೊಪ್ಪ ಟಿಂಕರಿಂಗ್:

ಸಾಲದು. ಸಿಲ್ವರ್ ಮೆಟಾಲಿಕ್ ಬಹಳ ಹಠದ ಬಣ್ಣ. ಕೋಡ್ ಒಂದೇ ಇದ್ದರೂ ಅಲ್ಲಿ ಬಿಸಿಲಿಗೆ ನಿಂತ ಡೋರ್ ಬೇರೆ, ನಿಮ್ಮ ಶೆಡ್ಡಿನ ಗಾಡಿ ಬೇರೆ. ಎರಡರ ನಡುವೆ ಹೊಸ ಫೆಂಡರ್ ಕೂತರೆ ಮೂರು ಬೆಳ್ಳಿ ಕಾಣುತ್ತದೆ. ಫೆಂಡರ್, ಡೋರ್ ಒಟ್ಟಿಗೆ ಹೊಡೆಸಿ, ಹಿಂದಿನ ಡೋರಿಗೆ ಬಣ್ಣ ತೇಲಿಸಿ, ಅಂದರೆ ಹಳೆ ಬಣ್ಣದಲ್ಲಿ ಬೆರೆಯುವ ಹಾಗೆ ತೆಳ್ಳಗೆ ಮಾಡುತ್ತಾ, ಬಿಡಲು ಹೇಳಿ.

ಪೇಂಟಿಗೆ ಅವಸರ ಬೇಡ. ಈ ಮಳೆಗೆ ಹೊರಗಡೆ ಹೊಡೆದರೆ ತೇವಕ್ಕೆ ಬೆಳ್ಳಗೆ ಮಬ್ಬು ಕಟ್ಟುತ್ತದೆ. ಈಗ ಎಲ್ಲಾ ಜೋಡಿಸಿ, ಬಾನೆಟ್ಟಿಗೂ ಡೋರಿಗೂ ಗ್ಯಾಪ್ ಸರಿ ಮಾಡಿಸಿ. ಬರೀ ಪ್ರೈಮರ್ (ಬಣ್ಣದ ಅಡಿಯ ಕೋಟು) ಹೊಡೆಸಿ ಗಾಡಿ ಓಡಿಸಬೇಡಿ, ಪ್ರೈಮರ್ ನೀರು ಕುಡಿಯುತ್ತದೆ. ಹೊಸ ಫೆಂಡರಿನ ಕಪ್ಪು ಕೋಟಿನ ಮೇಲೆ ಹಾಗೇ ಓಡಿಸಿ, ತರಚಿದ ಕಡೆ ಮಾತ್ರ ಟಚಪ್ ಹಾಕಿ. ಪೇಂಟ್ ಹೊಡೆಯುವ ಮುಚ್ಚಿದ ಬೂತ್ ಇರುವ ಶಾಪು ಕುಶಾಲನಗರದಲ್ಲಿ ಸಿಕ್ಕಿದರೆ ಈಗಲೇ ಮಾಡಿಸಬಹುದು. ಇಲ್ಲದಿದ್ದರೆ ಮಳೆ ಮುಗಿದು ಹುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಗಾಡಿ ತನ್ನಿ.